ಅಕ್ವೇರಿಯಂ ನೀರು ದಿನಾ ಇಳಿಯುತ್ತಿದೆಯೇ? ಸೋರುವ ಜಾಗ ಹುಡುಕಿ ಸರಿಮಾಡುವ ಬಗೆ

ಎರಡಡಿ ಉದ್ದ, ಒಂದಡಿ ಅಗಲದ ಗಾಜಿನ ಟ್ಯಾಂಕಿನಲ್ಲಿ ನೀರು ಒಂದು ಮಿಲಿಮೀಟರ್ ಇಳಿಯಿತೆಂದರೆ ಸುಮಾರು 180 ಮಿಲಿ ಹೋಯಿತು ಎಂದರ್ಥ. ಐದು ಸೆಕೆಂಡಿಗೊಂದು ಹನಿಯಂತೆ ಸೋರಿದರೆ ದಿನಕ್ಕೆ ಸುಮಾರು 850 ಮಿಲಿ, ಅಂದರೆ ಐದು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಬೇಸಿಗೆಯಲ್ಲಿ ಮುಚ್ಚಳವಿಲ್ಲದೆ, ಫ್ಯಾನ್ ಗಾಳಿ ತಾಗುವ ಜಾಗದಲ್ಲಿಟ್ಟ ಟ್ಯಾಂಕಿನಿಂದ ಬರೀ ಆವಿಯಾಗಿಯೇ ಇಷ್ಟು ನೀರು ಹೋಗುವುದುಂಟು. ನಿಧಾನ ಸೋರಿಕೆಯ ಕಷ್ಟ ಇರುವುದೇ ಇಲ್ಲಿ. ನೆಲದ ಮೇಲೆ ನೀರು ಕಾಣುವುದಿಲ್ಲ. ಸ್ಟ್ಯಾಂಡಿನ ಪ್ಲೈವುಡ್ ಒಳಗೊಳಗೇ ಕುಡಿದು ಉಬ್ಬುತ್ತಿರುತ್ತದೆ, ನಾವು ಮೇಲಿಂದ ಚೊಂಬಿನಲ್ಲಿ ನೀರು ಸುರಿಯುತ್ತಿರುತ್ತೇವೆ.

ಆದ್ದರಿಂದ ಮೊದಲ ಕೆಲಸ ಗಾಜಿನ ಸಂದು ಮುಚ್ಚುವ ಸಿಲಿಕೋನ್ ಅಂಟು ತರುವುದಲ್ಲ. ಸೋರುತ್ತಿರುವುದು ನಿಜವೇ, ನಿಜವಾದರೆ ಎಲ್ಲಿಂದ ಎಂದು ಖಚಿತ ಮಾಡಿಕೊಳ್ಳಬೇಕು. ಸೋರಿಕೆಯೆಂದು ಟ್ಯಾಂಕ್ ಖಾಲಿಮಾಡಿ, ಮೀನುಗಳನ್ನು ಒಂದು ವಾರ ಟಬ್ಬಿನಲ್ಲಿಟ್ಟು, ಕೊನೆಗೆ ತಪ್ಪು ಏರ್ ಪಂಪಿನ ಟ್ಯೂಬಿನದು ಎಂದು ತಿಳಿದರೆ ಮೀನುಗಳಿಗೆ ಕೊಟ್ಟ ಹಿಂಸೆಯೆಲ್ಲ ವ್ಯರ್ಥ.

ಆವಿಯೋ, ಸೋರಿಕೆಯೋ

ಟ್ಯಾಂಕಿನ ಪಕ್ಕದಲ್ಲೇ, ಅದೇ ಎತ್ತರದಲ್ಲಿ, ಅಗಲ ಬಾಯಿಯ ಸ್ಟೀಲ್ ಪಾತ್ರೆ ಅಥವಾ ಟಬ್ ಇಟ್ಟು ಅಂಚಿನವರೆಗೆ ನೀರು ತುಂಬಿಸಿ. ಟ್ಯಾಂಕಿನ ನೀರಿನ ಮಟ್ಟಕ್ಕೆ ಹೊರಗಿನಿಂದ ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ಸಿಲ್ ಗೆರೆ ಹಾಕಿ. ಪಾತ್ರೆಯ ನೀರಿಗೂ ಗುರುತು ಮಾಡಿ. 24 ಗಂಟೆಯ ನಂತರ ಎರಡರಲ್ಲೂ ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ಅಳೆಯಿರಿ. ಪಾತ್ರೆ ಚಿಕ್ಕದು, ಟ್ಯಾಂಕ್ ದೊಡ್ಡದು ಎಂಬುದು ಇಲ್ಲಿ ಮುಖ್ಯವಲ್ಲ, ನೀರು ಆವಿಯಾಗಿ ಇಳಿಯುವ ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೀಟರ್ ಉರಿಯುತ್ತಿದ್ದರೆ, ಏರ್ ಸ್ಟೋನ್ ಗುಳ್ಳೆ ಎಬ್ಬಿಸುತ್ತಿದ್ದರೆ ಟ್ಯಾಂಕಿನಲ್ಲಿ ಒಂದೆರಡು ಮಿಲಿಮೀಟರ್ ಜಾಸ್ತಿ ಇಳಿಯಬಹುದು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಎರಡು ದಿನ ಬಿಡದೆ ಕಂಡರೆ ನೀರು ಬೇರೆ ದಾರಿ ಹಿಡಿದಿದೆ.

ಮನೆಯಲ್ಲಿ ಆರ್‌ಒ ನೀರು ನೋಡಲು ತಂದ ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಸಾಧನ) ಇದ್ದರೆ ಇನ್ನೊಂದು ಒಳ್ಳೆಯ ಪರೀಕ್ಷೆ ಸಾಧ್ಯ. ಆವಿಯಾಗುವಾಗ ನೀರು ಮಾತ್ರ ಹೋಗುತ್ತದೆ, ಉಪ್ಪಿನಂಶ ಉಳಿಯುತ್ತದೆ. ಸೋರುವಾಗ ಎರಡೂ ಹೋಗುತ್ತವೆ. 400 ತೋರಿಸುತ್ತಿದ್ದ ಟ್ಯಾಂಕಿನಲ್ಲಿ, ಮೇಲಿಂದ ನೀರು ಸೇರಿಸದೆ, ಹತ್ತರಲ್ಲೊಂದು ಪಾಲು ಬರೀ ಆವಿಯಾಗಿ ಹೋಗಿದ್ದರೆ ಮೀಟರ್ 440ರ ಆಸುಪಾಸಿಗೆ ಏರಿರಬೇಕು. ಅಷ್ಟೇ ನೀರು ಸೋರಿ ಹೋಗಿದ್ದರೆ 400ರಲ್ಲೇ ನಿಂತಿರುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಟ್ಯಾಂಕಿನದಲ್ಲದ ಸೋರಿಕೆಗಳು

ಗಾಜಿನ ಸಂದಿನ ಮೇಲೆ ಅನುಮಾನ ಪಡುವ ಮುಂಚೆ ಟ್ಯಾಂಕಿಗೆ ತಗಲಿಕೊಂಡಿರುವ ಒಂದೊಂದನ್ನೂ ನೋಡಬೇಕು. ಕೈ ಹಾಕುವ ಮುಂಚೆ ಎಲ್ಲ ಪ್ಲಗ್ ಕಿತ್ತಿಡಿ. ಒದ್ದೆ ಸ್ಟ್ಯಾಂಡಿನ ಪಕ್ಕ ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬಿದ್ದಿದ್ದರೆ ಅದನ್ನು ಮೊದಲು ಎತ್ತಿಡಿ.

ಕರೆಂಟ್ ಹೋದ ದಿನಗಳಲ್ಲಿ ಮಾತ್ರ ನೀರು ಜಾಸ್ತಿ ಇಳಿದಿದೆಯೇ? ಹಾಗಿದ್ದರೆ ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದೆಯೇ ನೋಡಿ. ಪಂಪ್ ನಿಂತ ಕೂಡಲೇ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಬಂದು, ಸೈಫನ್ ಹಿಡಿದು ಪಂಪಿನ ಮೂಲಕ ಕೆಳಗೆ ಸುರಿಯುತ್ತದೆ. ಟ್ಯೂಬಿನ ನಡುವೆ ಒಂದು ನಾನ್‌ರಿಟರ್ನ್ ವಾಲ್ವ್ ಕೂಡಿಸಿ, ಅದರ ಮೇಲಿನ ಬಾಣದ ಗುರುತು ಟ್ಯಾಂಕಿನ ಕಡೆ ಇರಲಿ. ಅದಕ್ಕಿಂತ ಗಟ್ಟಿ ಉಪಾಯವೆಂದರೆ ಪಂಪನ್ನೇ ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಗೆ ನೇತುಹಾಕುವುದು.

ಟಾಪ್ ಫಿಲ್ಟರಿನ ಟ್ರೇಯಲ್ಲಿ ಹತ್ತಿ ಕಟ್ಟಿಕೊಂಡರೆ ನೀರು ಕೆಳಗಿನ ತೂತುಗಳಿಂದ ಇಳಿಯದೆ ಅಂಚು ಮೀರಿ ಹಿಂದಿನ ಗಾಜಿನ ಮೇಲೆ ಹರಿಯುತ್ತದೆ. ಹಿಂಭಾಗ ಗೋಡೆಗೆ ಒತ್ತಿಕೊಂಡಿರುವುದರಿಂದ ಯಾರಿಗೂ ಕಾಣುವುದಿಲ್ಲ. ಹಿಂದೆ ನೇತಾಡುವ ಫಿಲ್ಟರುಗಳದ್ದೂ ಇದೇ ಕಥೆ, ಜತೆಗೆ ಅವುಗಳ ಮೋಟರ್ ಕೂಡುವಲ್ಲಿನ ರಬ್ಬರ್ ರಿಂಗ್ ಹಳೆಯದಾದರೆ ಅಲ್ಲಿಂದಲೂ ಜಿನುಗುತ್ತದೆ. ಟ್ಯಾಂಕಿನ ಹೊರಗೆ ಇಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನ ತಲೆಯ ರಿಂಗಿನಡಿ ಮರಳಿನ ಒಂದು ಕಣ ಸಿಕ್ಕಿಕೊಂಡರೂ ಸಾಕು. ರಿಂಗ್ ಬಿಚ್ಚಿ ತೊಳೆದು ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ವ್ಯಾಸಲೀನ್ ಬೇಡ, ಕೆಲವು ಬಗೆಯ ರಬ್ಬರನ್ನು ಅದು ಉಬ್ಬಿಸುತ್ತದೆ.

ಹೀಟರ್, ಪಂಪುಗಳ ವೈರ್ ಹಿಡಿದುಕೊಂಡೂ ನೀರು ಇಳಿಯುತ್ತದೆ. ಗುಳ್ಳೆ ಸಿಡಿದು ವೈರ್ ಒದ್ದೆಯಾಗಿ ಹನಿ ಹನಿಯಾಗಿ ಪ್ಲಗ್ಗಿನವರೆಗೂ ಬರಬಹುದು. ವೈರು ಪ್ಲಗ್ ಮುಟ್ಟುವ ಮುನ್ನ ಒಮ್ಮೆ ಸಾಕೆಟ್ಟಿಗಿಂತ ಕೆಳಕ್ಕೆ ಜೋಲಿ ಬಿದ್ದು ಮೇಲೇರಬೇಕು, ಆಗ ಹನಿ ಜೋಲಿಯ ತಳದಲ್ಲೇ ಉದುರುತ್ತದೆ. ಇನ್ನು ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಡೆ ತಣ್ಣನೆಯ ನೀರು ಬದಲಾಯಿಸಿದ ದಿನ ಗಾಜಿನ ಹೊರಗೆ ಬೆವರು ಕೂರುವುದುಂಟು. ಬೆವರು ಇಡೀ ಗಾಜಿನ ಮೇಲೆ ಹರಡಿರುತ್ತದೆ, ಸೋರಿಕೆ ಒಂದು ಜಾಗದಿಂದ ಶುರುವಾಗುತ್ತದೆ.

ಇಷ್ಟೆಲ್ಲ ನೋಡಿಯೂ ಅನುಮಾನ ಹೋಗದಿದ್ದರೆ ಫಿಲ್ಟರ್, ಟ್ಯೂಬ್, ವೈರ್ ಎಲ್ಲವನ್ನೂ ಹೊರತೆಗೆದು ರಾತ್ರಿ ಕೆಲವು ಗಂಟೆ ಬರೀ ಟ್ಯಾಂಕ್ ಬಿಡಿ. ಫಿಲ್ಟರಿನ ಸ್ಪಂಜು, ಸೆರಾಮಿಕ್ ರಿಂಗುಗಳನ್ನು ಟ್ಯಾಂಕಿನ ನೀರಿನಲ್ಲೇ ಮುಳುಗಿಸಿಡಿ, ಒಣಗಲು ಬಿಡಬೇಡಿ. ಮೀನು ಜಾಸ್ತಿ ಇದ್ದರೆ ಮೇಲಿಂದ ಇಳಿಬಿಟ್ಟ ಏರ್ ಸ್ಟೋನ್ ಒಂದು ಇರಲಿ.

ಸಂದು ಹುಡುಕುವುದು

ಟಾರ್ಚ್ ಹಿಡಿದು ಹೊರಗಿನ ಅಂಚುಗಳನ್ನು ಮೇಲಿಂದ ಕೆಳಗೆ ನೋಡುತ್ತಾ ಬನ್ನಿ. ನಿಧಾನ ಸೋರಿಕೆಯ ನೀರು ನೆಲ ಮುಟ್ಟುವ ಮುಂಚೆಯೇ ಒಣಗಿ ಗಾಜಿನ ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಬಿಡುತ್ತದೆ. ಗಡಸು ನೀರಿನ ಊರುಗಳಲ್ಲಿ ಈ ಗೆರೆ ಒರಟಾಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಆಮೇಲೆ ಒಳಗಿನ ಸಿಲಿಕೋನ್ ಪಟ್ಟಿಯನ್ನು ನೋಡಿ. ಆರೋಗ್ಯವಾಗಿರುವ ಪಟ್ಟಿ ಗಾಜಿಗೆ ಪೂರ್ತಿ ಅಂಟಿಕೊಂಡಿರುತ್ತದೆ. ಬಿಟ್ಟುಕೊಂಡಿದ್ದರೆ ಅಂಚು ಸಣ್ಣಗೆ ಎದ್ದು, ಪಟ್ಟಿಗೂ ಗಾಜಿಗೂ ನಡುವೆ ಹಸಿರು ಪಾಚಿಯ ದಾರದಂಥ ಎಳೆ ಕಾಣುತ್ತದೆ. ಪಾಚಿ ಬೆಳೆದಿದೆ ಎಂದರೆ ಅಲ್ಲಿಗೆ ನೀರು ಹೋಗಿದೆ. ಪಾಚಿ ಕೆರೆಯುವ ಬ್ಲೇಡು ಮೂಲೆಗೆ ತಾಗಿ ಪಟ್ಟಿ ಸೀಳಿರುವುದೇ ಬಹಳ ಸಲ ಇದಕ್ಕೆ ಕಾರಣ.

ಕಣ್ಣಿಗೆ ಏನೂ ಕಾಣದಿದ್ದರೆ ಹೊರಭಾಗವನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರಿನಲ್ಲಿ ಒಣಗಿಸಿ, ಟಿಶ್ಯೂ ಪೇಪರನ್ನು ಎರಡು ಸೆಂಟಿಮೀಟರ್ ಅಗಲಕ್ಕೆ ಮಡಚಿ ತಳದ ಅಂಚಿನುದ್ದಕ್ಕೂ ನಾಲ್ಕು ನಿಂತ ಮೂಲೆಗಳ ಮೇಲೂ ಅಂಟಿಸಿ. ಐದೈದು ಸೆಂಟಿಮೀಟರಿಗೆ ಒಂದು ತುಂಡು, ಪ್ರತಿಯೊಂದಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ. ಪೆನ್ನಿನ ಇಂಕು ಹರಡಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಮೊದಲು ಒದ್ದೆಯಾದ ತುಂಡಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಲ್ಲ ಒದ್ದೆಯಾದ ಮೇಲೆ ನೋಡಿ ಪ್ರಯೋಜನವಿಲ್ಲ.

ಇಲ್ಲೊಂದು ಎಚ್ಚರಿಕೆ. ಹೊರಗೆ ಹನಿ ಕಾಣುವ ಜಾಗವೂ ಒಳಗೆ ತೂತಿರುವ ಜಾಗವೂ ಒಂದೇ ಆಗಿರಬೇಕಿಲ್ಲ. ಗಾಜಿನ ಟ್ಯಾಂಕಿನಲ್ಲಿ ಸಿಲಿಕೋನ್ ಎರಡು ಕೆಲಸ ಮಾಡುತ್ತದೆ. ಎರಡು ಗಾಜುಗಳ ಅಂಚಿನ ನಡುವಿನ ತೆಳುವಾದ ಪದರ ಟ್ಯಾಂಕನ್ನು ಹಿಡಿದಿಟ್ಟಿರುತ್ತದೆ. ಒಳಮೂಲೆಯಲ್ಲಿ ಕಾಣುವ ದಪ್ಪ ಪಟ್ಟಿ ಆ ಪದರಕ್ಕೆ ನೀರು ತಾಗದಂತೆ ಕಾಯುತ್ತದೆ. ಒಳಪಟ್ಟಿ ಬಲಮೂಲೆಯಲ್ಲಿ ಬಿಟ್ಟುಕೊಂಡರೆ ನೀರು ನಡುಪದರದಲ್ಲಿರುವ ಗಾಳಿಗುಳ್ಳೆಗಳ ದಾರಿ ಹಿಡಿದು ಒಂದಡಿ ದೂರದಲ್ಲಿ ಹೊರಬರಬಹುದು. ಹನಿ ಕಂಡಲ್ಲಿ ಹೊರಗಿನಿಂದ ಸಿಲಿಕೋನನ್ನೋ ಎಂ-ಸೀಲನ್ನೋ ಮೆತ್ತಿದರೆ ನಿಲ್ಲದಿರುವುದು ಇದಕ್ಕೇ. ನೀರಿನ ಒತ್ತಡ ಒಳಗಿನಿಂದ ಹೊರಕ್ಕೆ ತಳ್ಳುತ್ತಿರುತ್ತದೆ, ಹೊರಗೆ ಮೆತ್ತಿದ್ದನ್ನೂ ಅದೇ ಎಬ್ಬಿಸಿಬಿಡುತ್ತದೆ.

ತೂತು ಯಾವ ಎತ್ತರದಲ್ಲಿದೆ ಎಂದು ಗೊತ್ತಾಗದಿದ್ದರೆ ಮೀನುಗಳನ್ನು ಸ್ಥಳಾಂತರಿಸಿ, ನೀರನ್ನು ತಾನಾಗಿಯೇ ಇಳಿಯಲು ಬಿಟ್ಟು, 12 ಗಂಟೆಗೊಮ್ಮೆ ಗುರುತು ಹಾಕಿ. ಇಳಿಯುವ ವೇಗ ಕಡಿಮೆಯಾಗಿ ಪಕ್ಕದ ಪಾತ್ರೆಯಲ್ಲಿ ಇಳಿಯುವಷ್ಟೇ ಆಯಿತೆಂದರೆ ತೂತು ಆ ಎತ್ತರದಲ್ಲಿದೆ. ತಳದವರೆಗೂ ಇಳಿದರೆ ತಪ್ಪು ತಳದ ಸಂದಿನದು ಅಥವಾ ತಳದ ಗಾಜಿನದು.

ಮೀನು, ಮರಳು, ಫಿಲ್ಟರ್

ರಿಪೇರಿ, ಒಣಗುವುದು, ಪರೀಕ್ಷೆ ಎಲ್ಲ ಸೇರಿ ಎಂಟು ಹತ್ತು ದಿನ ಹಿಡಿಯುತ್ತದೆ. ಅಷ್ಟು ದಿನಕ್ಕೆ ಸೋಪು ತಾಗದ ದೊಡ್ಡ ಪ್ಲಾಸ್ಟಿಕ್ ಟಬ್ ಬೇಕು. ಅದಕ್ಕೆ ಟ್ಯಾಂಕಿನದೇ ನೀರು ತುಂಬಿ, ಟ್ಯಾಂಕಿನ ಫಿಲ್ಟರನ್ನೇ ಅಥವಾ ಅದರ ಸ್ಪಂಜನ್ನು ಅಲ್ಲಿಗೆ ಹಾಕಿ ನಡೆಸಿ. ಮೀನಿನ ಕಸವನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದು ಅಲ್ಲೇ, ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್ ತಾಗಿ ಸಾಯುತ್ತದೆ. ಮೇಲೆ ಬಲೆ ಮುಚ್ಚಿ, ಗಾಬರಿಯಾದ ಮೀನು ಹಾರುತ್ತದೆ. ಊಟ ದಿನ ಬಿಟ್ಟು ದಿನ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ದಿನಕ್ಕೆ ಕಾಲುಭಾಗ ನೀರು ಬದಲಾಯಿಸಿ, ಆ್ಯಂಟಿಕ್ಲೋರಿನ್ ಮರೆಯದಿರಿ.

ಹೀಟರ್ ಆರಿಸಿ 15 ನಿಮಿಷ ಕಾದು ಆಮೇಲೆ ನೀರಿನಿಂದ ತೆಗೆಯಿರಿ, ಬಿಸಿಯಾಗಿರುವಾಗಲೇ ಎತ್ತಿದರೆ ಹೀಟರಿನ ಗಾಜು ಬಿರಿಯುತ್ತದೆ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡದೆ ಎತ್ತಬೇಡಿ. ಬರೀ ನಾಲ್ಕು ಬೆರಳು ನೀರು, ಎರಡು ಇಂಚು ಮರಳು ಉಳಿದಿದ್ದರೂ ಎತ್ತುವಾಗ ತಳ ಬಾಗಿ, ಗಟ್ಟಿಯಿರುವ ಸಂದೂ ಬಿಟ್ಟುಕೊಳ್ಳುತ್ತದೆ.

ಯಾವ ಸಿಲಿಕೋನ್

ಹಾರ್ಡ್‌ವೇರ್ ಅಂಗಡಿಯಲ್ಲಿ ಅಸಿಟಾಕ್ಸಿ ಬಗೆಯ, ಬೇರೇನೂ ಬೆರೆಸದ ಸಿಲಿಕೋನ್ ಕೇಳಿ. ಅದು ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಅಕ್ವೇರಿಯಂಗೆ ಆಗುತ್ತದೆ ಎಂದು ಡಬ್ಬಿಯ ಮೇಲೆಯೇ ಬರೆದಿದ್ದರೆ ಇನ್ನೂ ಒಳ್ಳೆಯದು. ಬಾತ್‌ರೂಮ್, ಸಿಂಕಿಗೆಂದು ಮಾರುವ, ಬೂಷ್ಟು ಹಿಡಿಯದು ಎನ್ನುವ ಸಿಲಿಕೋನಿನಲ್ಲಿ ಶಿಲೀಂಧ್ರನಾಶಕ ಬೆರೆಸಿರುತ್ತಾರೆ. ಅದು ಮೀನಿಗೆ ವಿಷ, ಎಷ್ಟೇ ಅಗ್ಗವಾದರೂ ಬೇಡ. ಮೇಲೆ ಬಣ್ಣ ಬಳಿಯಬಹುದು ಎಂದು ಬರೆದಿರುವ ಅಕ್ರಿಲಿಕ್ ಸೀಲಂಟ್ ನೀರಿನಡಿ ನಿಲ್ಲುವುದಿಲ್ಲ.

ಎರಡಡಿ ಟ್ಯಾಂಕಿನ ಒಳಮೂಲೆಗಳೆಲ್ಲ ಸೇರಿ ಸುಮಾರು ಮೂರು ಮೀಟರ್ ಉದ್ದ, 70ರಿಂದ 100 ಮಿಲಿ ಸಾಕು. ಆದರೂ 280 ಮಿಲಿಯ ಕಾರ್ಟ್ರಿಜ್ ಮತ್ತು ಗನ್ ತನ್ನಿ. ಸಣ್ಣ ಟ್ಯೂಬನ್ನು ಕೈಯಲ್ಲಿ ಹಿಂಡಿದರೆ ಪಟ್ಟಿ ಒಂದೇ ಸಮ ಬರುವುದಿಲ್ಲ. ತಯಾರಿಕೆಯ ದಿನಾಂಕ ನೋಡಿ, ಮನೆಗೆ ತಂದ ಮೇಲೆ ಒಂದು ತುಣುಕನ್ನು ಕಾಗದದ ಮೇಲೆ ಹಿಂಡಿ. ಒಂದು ಗಂಟೆಯಾದ ಮೇಲೂ ಮೇಲ್ಮೈ ಬೆರಳಿಗೆ ಅಂಟುತ್ತಿದ್ದರೆ ಅದು ಹಳೆಯ ಮಾಲು, ಹಿಂತಿರುಗಿಸಿ. ಬಣ್ಣದಲ್ಲಿ ಪಾರದರ್ಶಕವಾದದ್ದೇ ವಾಸಿ, ಒಳಗೆ ಗುಳ್ಳೆ ಉಳಿದರೆ ಕಣ್ಣಿಗೆ ಕಾಣುತ್ತದೆ.

ಹಳೆಯದನ್ನು ಕೀಳುವುದು

ರಿಪೇರಿಯ ಭವಿಷ್ಯ ನಿರ್ಧಾರವಾಗುವುದು ಇಲ್ಲಿ. ಹೊಸ ಸಿಲಿಕೋನ್ ಹಳೆಯ ಸಿಲಿಕೋನಿನ ಮೇಲೆ ಹಿಡಿಯುವುದಿಲ್ಲ. ಕಿತ್ತುಹೋದ ಎರಡಿಂಚಿಗೆ ಮಾತ್ರ ತೇಪೆ ಹಾಕಿದರೆ ಹಳೆಯದೂ ಹೊಸದೂ ಕೂಡುವಲ್ಲಿ ಮತ್ತೆ ಸೋರುತ್ತದೆ. ಆ ಸಂದಿನ ಒಳಪಟ್ಟಿಯನ್ನು ಪೂರ್ತಿ ತೆಗೆಯಿರಿ. ಟ್ಯಾಂಕಿಗೆ ಹತ್ತು ವರ್ಷ ದಾಟಿದ್ದರೆ ಎಲ್ಲ ಮೂಲೆಗಳದ್ದನ್ನೂ ತೆಗೆದು ಹೊಸದಾಗಿ ಹಾಕುವುದೇ ಸರಿ.

ಹೊಸ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ, ಗಾಜಿಗೆ ಬಹುಮಟ್ಟಿಗೆ ಮಲಗಿಸಿ, ಮೊದಲು ತಳದ ಗಾಜಿನ ಕಡೆಯಿಂದ, ಆಮೇಲೆ ಪಕ್ಕದ ಗಾಜಿನ ಕಡೆಯಿಂದ ಕೊಯ್ಯಿರಿ. ಪಟ್ಟಿಯ ತುದಿ ಎದ್ದರೆ ಉಳಿದದ್ದು ದಾರದಂತೆ ಎಳೆದುಕೊಂಡು ಬರುತ್ತದೆ. ಬ್ಲೇಡಿನ ಮೊನೆ ಎರಡು ಗಾಜುಗಳ ನಡುವೆ ಇಳಿಯಲೇಬಾರದು, ಟ್ಯಾಂಕನ್ನು ಹಿಡಿದಿಟ್ಟಿರುವ ಪದರ ಅದು. ಆ ಪದರವೇ ಗಾಜಿನ ದಪ್ಪದುದ್ದಕ್ಕೂ ಬಿಟ್ಟುಕೊಂಡಿದ್ದು, ಒತ್ತಿದರೆ ಗಾಜು ಅಲುಗಾಡುತ್ತಿದ್ದರೆ ಒಳಪಟ್ಟಿಯಿಂದ ಕೆಲಸವಾಗದು. ಟ್ಯಾಂಕನ್ನು ಪೂರ್ತಿ ಬಿಚ್ಚಿ ಕೂಡಿಸಬೇಕು.

ಪಟ್ಟಿ ಹೋದ ಮೇಲೂ ಕಣ್ಣಿಗೆ ಕಾಣದ ತೆಳು ಪೊರೆ ಗಾಜಿನ ಮೇಲೆ ಉಳಿದಿರುತ್ತದೆ. ಅದನ್ನು ಹಿಡಿಯುವ ಉಪಾಯ ಹೀಗಿದೆ: ಒದ್ದೆ ಬಟ್ಟೆಯಿಂದ ಆ ಜಾಗ ಒರೆಸಿ. ಶುದ್ಧ ಗಾಜಿನ ಮೇಲೆ ನೀರು ತೆಳ್ಳಗೆ ಹರಡಿಕೊಳ್ಳುತ್ತದೆ. ಪೊರೆ ಉಳಿದಲ್ಲಿ ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಗುಂಡಗೆ ನಿಲ್ಲುತ್ತದೆ. ಹನಿ ನಿಂತಲ್ಲೆಲ್ಲ ಮತ್ತೆ ಬ್ಲೇಡು ಆಡಿಸಿ. ಈ ಪೊರೆಯನ್ನು ಅಸಿಟೋನ್ ಕರಗಿಸುವುದಿಲ್ಲ, ಕೆರೆದೇ ತೆಗೆಯಬೇಕು. ಉಪ್ಪಿನ ಬಿಳಿ ಪೊರೆ ಇದ್ದರೆ ವಿನೆಗರ್ ಅಥವಾ ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ ತೊಳೆಯಿರಿ.

ಕೊನೆಗೆ ಹಳೆಯ ಬಿಳಿ ಹತ್ತಿಬಟ್ಟೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ತೆಗೆದುಕೊಂಡು ಎರಡು ಸಲ ಒರೆಸಿ, ಪ್ರತಿಸಲ ಬಟ್ಟೆಯ ಹೊಸ ಭಾಗದಿಂದ. ನೇಲ್ ಪಾಲಿಶ್ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆಯಂಶ ಇರಬಹುದು. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಸ್ಟವ್ ಇರಬಾರದು. ಆಮೇಲೆ ಆ ಜಾಗವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸಂದಿನೊಳಗೆ ಅಡಗಿದ ನೀರು ಆರಲು ಫ್ಯಾನಿನಡಿ ಒಂದು ಪೂರ್ತಿ ದಿನ ಬಿಡಿ. ಈ ಒಂದು ದಿನ ಉಳಿಸಲು ಹೋಗಿ ಕೆಲಸ ಕೆಡಿಸಿಕೊಳ್ಳುವವರೇ ಹೆಚ್ಚು.

ಹೊಸ ಪಟ್ಟಿ ಹಾಕುವುದು

ಮೂಲೆಯಿಂದ 7 ಮಿಲಿಮೀಟರ್ ಬಿಟ್ಟು ಎರಡೂ ಗಾಜಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕಾರ್ಟ್ರಿಜ್ಜಿನ ಮೂತಿಯನ್ನು ಓರೆಯಾಗಿ, 5 ಮಿಲಿಮೀಟರ್ ತೂತು ಬರುವಂತೆ ಕತ್ತರಿಸಿ. ಗನ್ನನ್ನು ಎಳೆದುಕೊಂಡು ಬರುವುದಕ್ಕಿಂತ ಮುಂದಕ್ಕೆ ತಳ್ಳುತ್ತಾ ಹೋದರೆ ಸಿಲಿಕೋನ್ ಮೂಲೆಯೊಳಕ್ಕೆ ಒತ್ತಿ ಕೂರುತ್ತದೆ, ಗುಳ್ಳೆ ಸಿಕ್ಕುವುದಿಲ್ಲ. ನಿಂತ ಮೂಲೆಗಳನ್ನು ಮೊದಲು ಹಾಕಿ, ಕೂಡಲೇ ತಳದ್ದು. ಎಲ್ಲ ಪಟ್ಟಿಗಳೂ ಹಸಿಯಿರುವಾಗಲೇ ಒಂದಕ್ಕೊಂದು ಕೂಡಬೇಕು. ಮೂರು ಗಾಜು ಸೇರುವ ಮೂಲೆಗೆ ಸ್ವಲ್ಪ ಜಾಸ್ತಿ ಹಿಂಡಿ, ರಿಪೇರಿ ಮಾಡಿದ ಟ್ಯಾಂಕ್ ಮತ್ತೆ ಸೋರುವುದು ಬಹುಮಟ್ಟಿಗೆ ಅಲ್ಲೇ.

ಗ್ಲೌಸ್ ಹಾಕಿದ ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಲ ಎಳೆಯಿರಿ. ಅಂದಕ್ಕೆಂದು ಮತ್ತೆ ಮತ್ತೆ ಸವರಿದರೆ ಪಟ್ಟಿ ತೆಳುವಾಗುತ್ತದೆ. ಬೆರಳಿಗೆ ಸೋಪಿನ ನೀರು ಹಚ್ಚಿಕೊಳ್ಳುವ ಅಭ್ಯಾಸ ಇಲ್ಲಿ ಬೇಡ, ಸೋಪು ತಾಗಿದ ಗಾಜಿಗೆ ಸಿಲಿಕೋನ್ ಹಿಡಿಯದು. ಸಿಲಿಕೋನಿನ ಮೇಲೆ ಹತ್ತಿಪ್ಪತ್ತು ನಿಮಿಷದಲ್ಲಿ ಕೆನೆ ಕಟ್ಟುತ್ತದೆ. ಅದಕ್ಕೆ ಮುಂಚೆ, ಸವರಿದ ಕೂಡಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ. ತಡವಾದರೆ ಟೇಪಿನ ಜತೆ ಪಟ್ಟಿಯ ಅಂಚೂ ಎದ್ದು ಬರುತ್ತದೆ.

ಒಣಗಲು ಬಿಡುವುದು, ಪರೀಕ್ಷಿಸುವುದು

ಸಿಲಿಕೋನ್ ಗಟ್ಟಿಯಾಗುವುದು ಬಿಸಿಲಿಗಲ್ಲ, ಗಾಳಿಯಲ್ಲಿರುವ ತೇವಕ್ಕೆ. ಮೇಲಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬೇಗ, ಕಲಬುರಗಿ ಕಡೆಯ ಒಣ ಬೇಸಿಗೆಯಲ್ಲಿ ನಿಧಾನ. ಒಣ ಹವೆಯಿದ್ದರೆ ಪಕ್ಕದಲ್ಲಿ ಬೋಗುಣಿ ತುಂಬ ನೀರಿಡಿ. ಎರಡಡಿ ಟ್ಯಾಂಕಿಗೆ ಕನಿಷ್ಠ ಮೂರು ದಿನ, ಮೂರಡಿ ಮತ್ತು ಅದಕ್ಕಿಂತ ದೊಡ್ಡದಕ್ಕೆ ಒಂದು ವಾರ. ಮೂಗನ್ನು ಟ್ಯಾಂಕಿನೊಳಗೆ ತಂದಾಗ ವಿನೆಗರ್ ವಾಸನೆ ಇನ್ನೂ ಇದ್ದರೆ ಕಾಯಿರಿ.

ಪರೀಕ್ಷೆಯನ್ನು ನಡುಮನೆಯಲ್ಲಿ ಮಾಡಬೇಡಿ. ಬಾಲ್ಕನಿ ಅಥವಾ ಬಚ್ಚಲಿನಲ್ಲಿ, ಮಟ್ಟಸವಾದ ಹಲಗೆಯ ಮೇಲೆ (ತಳದಲ್ಲಿ ಚೌಕಟ್ಟಿಲ್ಲದ ಟ್ಯಾಂಕಾದರೆ ಥರ್ಮೋಕೋಲ್ ಹಾಸಿ) ಟ್ಯಾಂಕ್ ಇಟ್ಟು, ಸುತ್ತ ನ್ಯೂಸ್ ಪೇಪರ್ ಹರಡಿ. ಮೂರನೇ ಒಂದು ಭಾಗ ತುಂಬಿ 12 ಗಂಟೆ, ಮೂರನೇ ಎರಡು ಭಾಗ ತುಂಬಿ 12 ಗಂಟೆ, ಪೂರ್ತಿ ತುಂಬಿ 48 ಗಂಟೆ ನೋಡಿ. ಈ ಅವಸರವಿಲ್ಲದ ಕ್ರಮಕ್ಕೆ ಕಾರಣವಿದೆ. ಒಂದಡಿ ನೀರು ನಿಂತಾಗ ಎರಡಡಿ ಉದ್ದದ ಮುಂದಿನ ಗಾಜಿನ ಮೇಲೆ ಸುಮಾರು 27 ಕೆಜಿ ಭಾರದಷ್ಟು ಒತ್ತಡ ಬೀಳುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಅದು 90 ಕೆಜಿ ಮುಟ್ಟುತ್ತದೆ. ಸೋರದಿದ್ದರೆ ಆ ನೀರನ್ನು ಚೆಲ್ಲಿ, ಇನ್ನೊಮ್ಮೆ ತೊಳೆಯಿರಿ. ಉಳಿದ ಅಸಿಟಿಕ್ ಆಮ್ಲ ಅದರೊಂದಿಗೆ ಹೋಗುತ್ತದೆ.

ಸ್ಟ್ಯಾಂಡ್ ಮತ್ತು ಬಿರುಕು

ಸಂದು ಬಿಟ್ಟುಕೊಂಡದ್ದು ಯಾಕೆ ಎಂದು ನೋಡದೆ ಟ್ಯಾಂಕನ್ನು ಅದೇ ಸ್ಟ್ಯಾಂಡಿನ ಮೇಲೆ ಇಡಬೇಡಿ. ಉಬ್ಬಿದ ಪ್ಲೈವುಡ್, ಒಂದು ಕಾಲು ಕುಸಿದ ಕಬ್ಬಿಣದ ಸ್ಟ್ಯಾಂಡ್ ಟ್ಯಾಂಕನ್ನು ತಿರುಚುತ್ತದೆ. ರಸಮಟ್ಟ ಇಲ್ಲದಿದ್ದರೆ ನೀರೇ ರಸಮಟ್ಟ. ನಾಲ್ಕೂ ಮೂಲೆಗಳಲ್ಲಿ ಗಾಜಿನ ಮೇಲಂಚಿನಿಂದ ನೀರಿನವರೆಗೆ ಅಳೆಯಿರಿ. ಎರಡಡಿಯಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನೀರು ಇಳಿಸಿ, ಸ್ಟ್ಯಾಂಡಿನ ಕಾಲಿನಡಿ ತುಂಡು ಕೊಡಿ. ಟ್ಯಾಂಕಿನಡಿಗೆ ತುಂಡನ್ನು ಎಂದೂ ಕೊಡಬೇಡಿ, ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದು ತಳದ ಗಾಜು ಸೀಳುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿಲ್ಲದ ಟ್ಯಾಂಕಿಗೆ 10-12 ಮಿಲಿಮೀಟರ್ ಥರ್ಮೋಕೋಲ್ ಹಾಸು ಬೇಕೇ ಬೇಕು. ಹಾಸುವ ಮುಂಚೆ ಹಲಗೆಯನ್ನು ಅಂಗೈಯಿಂದ ಸವರಿ, ಮೊಳೆಯ ತಲೆ, ಕಲ್ಲಿನ ಚೂರು ಇಲ್ಲವೆಂದು ನೋಡಿಕೊಳ್ಳಿ. ತಳದ ಸುತ್ತ ಚೌಕಟ್ಟಿರುವ ಟ್ಯಾಂಕಿಗೆ ಥರ್ಮೋಕೋಲ್ ಬೇಡ, ಅಲ್ಲಿ ಭಾರ ಹೊರುವುದು ಚೌಕಟ್ಟು.

ಸೋರುತ್ತಿರುವುದು ಸಂದಿನಿಂದಲ್ಲದೆ ಗಾಜಿನ ಬಿರುಕಿನಿಂದಾದರೆ ಸಿಲಿಕೋನ್ ಪಟ್ಟಿ ಅದಕ್ಕೆ ಮದ್ದಲ್ಲ. ತಳದ ಗಾಜು ಬಿರಿದಿದ್ದರೆ ಗಾಜು ಬದಲಾಯಿಸಬೇಕು, ಮಧ್ಯದ ದಾರಿ ಇಲ್ಲ. ಪಕ್ಕದ ಗಾಜಿನ ಸಣ್ಣ ಬಿರುಕಿಗೆ, ಬಿರುಕಿನ ಎಲ್ಲ ಕಡೆಗೂ ಐದು ಸೆಂಟಿಮೀಟರ್ ಮೀರುವ, ಅಷ್ಟೇ ದಪ್ಪದ ಗಾಜಿನ ತುಂಡನ್ನು ಒಳಗಿನಿಂದ ಸಿಲಿಕೋನ್ ತುಂಬಿ ಅಂಟಿಸಬಹುದು. ಅದೂ ಹೊಸ ಟ್ಯಾಂಕ್ ಬರುವವರೆಗೆ ಮಾತ್ರ.

ಮೀನುಗಳನ್ನು ವಾಪಸ್ ಬಿಡುವಾಗ ಟಬ್ಬಿನ ನೀರಿನ ಅರ್ಧದಷ್ಟಾದರೂ ಟ್ಯಾಂಕಿಗೆ ಸೇರಿಸಿ, ಶಾಖ ಸಮವಾಗುವವರೆಗೆ ಕಾಯಿರಿ. ಮೊದಲ ವಾರ ಊಟ ಕಡಿಮೆ. ಹೊರಗಿನ ಮೂಲೆಗಳಿಗೆ ಹೊಸ ಟಿಶ್ಯೂ ತುಂಡುಗಳನ್ನು ಅಂಟಿಸಿ ಆ ವಾರವೆಲ್ಲ ಹಾಗೇ ಬಿಡಿ, ರಾತ್ರಿ ಲೈಟ್ ಆರಿಸುವ ಮುಂಚೆ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ.